ಗೆರೆ ಸೊನ್ನೆಯ ಮೇಲಿತ್ತು

ಮಾರ್ಚ್ 3, ಸೋಮವಾರ

ಹೆಡ್‌ಫೋನ್ ಆಂಪ್ಲಿಫೈಯರ್, ಹಳೆಯದು. ಐದು ನಾಬ್‌ಗಳೂ ಇಲ್ಲ, ಬರೀ ಶಾಫ್ಟ್‌ಗಳು, ನಾಬ್ ಕೂರುವ ಕಡ್ಡಿಗಳು, ನಿಂತಿವೆ. ನಾಲ್ಕು ಶಾಫ್ಟ್ ಆರು ಮಿಲಿಮೀಟರ್, ತುದಿ ಸೀಳಿದ್ದು, ಸುತ್ತ ಹದಿನೆಂಟು ಹಲ್ಲು. ಐದನೆಯದು ವಾಲ್ಯೂಮಿನದು. ಕಾಲು ಇಂಚು, ಹಲ್ಲಿಲ್ಲದ ನುಣುಪು ಹಿತ್ತಾಳೆ. ಅದಕ್ಕೆ ಪಕ್ಕದಲ್ಲಿ ಸ್ಕ್ರೂ ಇರುವ ನಾಬ್ ಬೇಕು. ತಂದವರು: ಮೂರ್ಸಲಪ್ಪ.

ಇಷ್ಟು ಬರೆದರೆ ಸಾಕು. ಈ ಪುಸ್ತಕ ಇರುವುದೇ ಅದಕ್ಕೆ. ರಿಪೇರಿಗೆ ಬಂದ ಸಾಮಾನಿನ ಅಳತೆ ಬರೆದಿಟ್ಟುಕೊಳ್ಳದಿದ್ದರೆ ಅಂಗಡಿಯಲ್ಲಿ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆದರೆ ಇವತ್ತು ಬೇರೆ ಕೆಲಸ ಬಂದಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ. ನನಗೆ ಮಗನೂ ಇಲ್ಲ, ಕಾಗದ ಕೆತ್ತುತ್ತಿದ್ದೇನೆ.

ಮೂರ್ಸಲಪ್ಪ ಎಂದರೆ ನನ್ನ ಸ್ವಂತ ಅಣ್ಣ. ನನಗಿಂತ ಏಳು ವರ್ಷ ದೊಡ್ಡವನು, ಈಗ ಅರವತ್ತಾರು. ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತಾನೆ. ಗ್ಯಾಸ್ ಮೂರು ಸಲ, ನಲ್ಲಿ ಮೂರು ಸಲ. ಬಸ್ಸಿನ ಬೋರ್ಡು ಮೂರನೇ ಸಲ ಓದುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಹೆಸರಿಟ್ಟವನು ನಾನೇ. ಈಗ ಅತ್ತಿಗೆ, ಅವರ ಮಗಳು, ಪಕ್ಕದ ಮನೆಯವರು, ನನ್ನ ಹೆಂಡತಿ, ಎಲ್ಲರ ಬಾಯಲ್ಲೂ ಅದೇ. ಹೆಸರು ಚೆನ್ನಾಗಿ ಕೂತಿದೆ.

ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಧ್ವನಿಮುದ್ರಣ ಕೊಠಡಿಯಲ್ಲಿದ್ದೆವು. ಅವನು ಸೌಂಡ್ ಇಂಜಿನಿಯರ್, ನಾನು ಯಂತ್ರ ರಿಪೇರಿಯವನು. ಆ ಕೊಠಡಿ ಈಗ ಮುಚ್ಚುತ್ತಿದೆಯಂತೆ. ಹಳೆಯ ಕೆಲಸಗಾರರನ್ನು ಕರೆದು, ಗುರುತಿಗೆ ಒಂದೊಂದು ಸಾಮಾನು ತೆಗೆದುಕೊಂಡು ಹೋಗಿ ಎಂದರಂತೆ. ಒಬ್ಬರು ಗೋಡೆ ಗಡಿಯಾರ ತಂದರು, ಒಬ್ಬರು ಕುರ್ಚಿ. ನಮ್ಮ ಮೂರ್ಸಲಪ್ಪ ತಂದದ್ದು ಈ ಡಬ್ಬಾ. ಇದನ್ನು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ಕೇಳಿದೆ. ಸುಮ್ಮನೆ ಇರಲಿ ಅಂತ, ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನ ಹಳೆಯ ಅಭ್ಯಾಸ. ಅವಸರವಿಲ್ಲ, ಆದರೆ ವಾಲ್ಯೂಮಿನ ನಾಬ್ ಮಾತ್ರ ಮೊದಲು ಇದ್ದಂಥದ್ದೇ ಬೇಕು ಎಂದು ಹೇಳಿ ಹೋದ. ಗೇಟಿನ ಚಿಲಕ ಮೂರು ಸಲ ಅಲ್ಲಾಡಿಸಿದ.

ಮಾರ್ಚ್ 5, ಬುಧವಾರ

ನಾಬ್ ಎಂದರೆ ನಾಬ್, ಯಾವುದಾದರೇನು ಎಂದುಕೊಳ್ಳುತ್ತಾರೆ ಜನ. ಹದಿನೆಂಟು ಹಲ್ಲಿನ ಶಾಫ್ಟಿಗೆ ಇಪ್ಪತ್ನಾಲ್ಕು ಹಲ್ಲಿನ ನಾಬ್ ಒತ್ತಿ ಕೂರಿಸುತ್ತಾರೆ. ಕೂರುತ್ತದೆ. ಎರಡು ವಾರ ತಿರುಗುತ್ತದೆ ಕೂಡ. ಆಮೇಲೆ ಬಾಯಿ ಬಿಡುತ್ತದೆ. ಆರು ಮಿಲಿಮೀಟರಿಗೂ ಕಾಲು ಇಂಚಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಶಾಫ್ಟಿಗೆ ನಾಬ್ ಹುಡುಕಬೇಕು, ನಾಬಿಗೆ ಶಾಫ್ಟನ್ನು ಬಗ್ಗಿಸಬಾರದು. ನಲವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಕೇಳುವವರಿಲ್ಲ.

ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ಕನ್ನಡಕದ ಮೇಲೆ ಇನ್ನೊಂದು ಹಾಕಿಕೊಳ್ಳುತ್ತಾನೆ, ಅದಕ್ಕೆ ಅವನು ನಾಲ್ಕುಕಣ್ಣ. ಬಿಸ್ಕತ್ತಿನ ಡಬ್ಬಗಳಲ್ಲಿ ನಾಬ್ ತುಂಬಿಟ್ಟಿದ್ದಾನೆ. ಹಲ್ಲಿನ ನಾಲ್ಕು ಸಿಕ್ಕವು, ಒಂದೇ ಜಾತಿಯವು. ವಾಲ್ಯೂಮಿಗೆ ಬೇಕಾದದ್ದನ್ನು ಹೇಳಿದಾಗ ಒಳಗೆ ಹೋಗಿ ಒಂದು ತಂದ. ಕಪ್ಪು, ಬುಡದಲ್ಲಿ ಅಗಲ, ಮೇಲೆ ಬಿಳಿ ಗೆರೆ, ಗೆರೆಗೆ ನೇರ ಎದುರು ಬದಿಯಲ್ಲಿ ಸ್ಕ್ರೂ. ಅದೇ ಕಂಪನಿಯದು, ಅದೇ ಅಚ್ಚು. ವರ್ನಿಯರ್ ಇಟ್ಟು ಅಳೆದೆ. ಸರಿಯಾಗಿ ಕಾಲು ಇಂಚು.

ಸಡಿಲ ಎಂದು ವಾಪಸ್ ಕೊಟ್ಟೆ.

ಅವನು ನಾಲ್ಕೂ ಕಣ್ಣಿನಿಂದ ನನ್ನನ್ನು ನೋಡಿ, ನೀವು ಹೇಳಿದ ಮೇಲೆ ಮುಗಿಯಿತು ಎಂದು ಡಬ್ಬದೊಳಗೆ ಹಾಕಿಕೊಂಡ. ಯಾಕೆ ಹಾಗೆಂದೆನೋ. ಬಿಸಿಲಿತ್ತು, ತಲೆ ಕಾದಿತ್ತು.

ಮಾರ್ಚ್ 9, ಭಾನುವಾರ

ಮೂರ್ಸಲಪ್ಪ ಬಂದಿದ್ದ. ನಾಲ್ಕು ನಾಬ್ ಕೂತದ್ದನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಐದನೆಯದು ಸಿಗುತ್ತಿಲ್ಲ ಎಂದೆ. ಸಿಕ್ಕೇ ಸಿಗುತ್ತೆ ನೋಡು ಎಂದ. ನನ್ನ ಹೆಂಡತಿ ಟೀ ತಂದಳು. ಅವನ ಬಲಗಡೆ ನಿಂತು ಸಕ್ಕರೆ ಎಷ್ಟು ಎಂದು ಕೇಳಿದಳು, ಅವನಿಗೆ ಕೇಳಿಸಲಿಲ್ಲ. ಆ ಕಿವಿ ಹೋಗಿ ಮೂವತ್ತೊಂದು ವರ್ಷ. ಅವಳು ಎಡಕ್ಕೆ ಬಂದು ಮತ್ತೆ ಕೇಳಿದಳು.

ಅವಳು ಒಳಗೆ ಹೋದ ಮೇಲೆ, ನಾನು ಮತ್ತೆ ಕೇಳದಿದ್ದರೂ, ಡಬ್ಬಾ ಯಾಕೆ ತಂದನೆಂದು ಹೇಳಿದ.

"ಅವತ್ತು ಗೆರೆ ಸೊನ್ನೆ ಮೇಲಿತ್ತು ಕಣೋ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರೂ ಹತ್ತರಲ್ಲಿತ್ತು ಅಂದ್ರು, ಹತ್ತರಲ್ಲೇ ಇತ್ತು. ಹಾಗಾದ್ರೆ ನಾನು ಕಂಡದ್ದು ಏನು? ಒಂದು ಸಲ ಆ ನಾಬ್ ಹಾಕಿಸಿ, ಅದೇ ಕಡೆ ನಿಂತು ನೋಡ್ಬೇಕು. ಸೊನ್ನೆನೂ ಹತ್ತೂ ಅದಲುಬದಲಾಗಿ ಕಾಣೋ ಹಾಗೆ ಬೆಳಕು ಬೀಳುತ್ತೇನೋ."

ಹಳೇ ಕಥೆ ಬಿಡಣ್ಣ ಎಂದೆ. ಬಿಟ್ಟ. ಟೀ ಕುಡಿದು, ಕಿವಿ ಹೋದ ಮರುವರ್ಷ ಹುಟ್ಟಿದ ಮಗಳ ವಿಷಯ ಮಾತಾಡಿದ. ಅವಳಿಗೆ ದಿನ ತುಂಬಿದೆ, ಈ ವಾರವೋ ಮುಂದಿನ ವಾರವೋ ಹೆರಿಗೆ.

ಊರಿಗೆಲ್ಲ ಗೊತ್ತಿರುವ ಕಥೆ ಇಷ್ಟು. ಅಣ್ಣ ಟೇಪಿನ ಮೇಲೆ ಪರೀಕ್ಷೆಯ ಸದ್ದು ಹಾಕಿ ಕೇಳಲು ಕೂತ. ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿ ಹಿಡಿದು ಕೇಳುವುದು ಅವನ ರೂಢಿ. ವಾಲ್ಯೂಮ್ ಪೂರ್ತಿ, ಹತ್ತರಲ್ಲಿ, ಇದ್ದದ್ದನ್ನು ನೋಡಲೇ ಇಲ್ಲ. ಯಂತ್ರ ಹಾಕಿದ, ಕಿವಿ ಹೋಯಿತು. ಅಜಾಗರೂಕತೆ ಎಂದು ಬರೆದರು. ಕೆಲಸ ಬಿಟ್ಟು ಗ್ರಂಥಾಲಯದಲ್ಲಿ ಗುಮಾಸ್ತನಾಗಿ ಸೇರಿದ, ನಿವೃತ್ತಿಯವರೆಗೂ ಪುಸ್ತಕಕ್ಕೆ ಮುದ್ರೆ ಒತ್ತಿದ. ಸದ್ದು ಮಾಡಬಾರದ ಜಾಗಕ್ಕೆ ಸರಿಯಾದ ಮನುಷ್ಯ ಸಿಕ್ಕ ಎಂದು ಆಗಲೂ ನಾನೊಂದು ಜೋಕು ಮಾಡಿದ್ದೆ.

ಮಾರ್ಚ್ 10, ಸೋಮವಾರ

ಕೆಲಸದ ಪುಸ್ತಕದಲ್ಲಿ ಬರೆಯುವ ವಿಷಯವಲ್ಲ ಇದು. ಆದರೆ ಎಲ್ಲ ಅಳತೆಯನ್ನೂ ಬರೆದು ಒಂದನ್ನು ಬಿಟ್ಟರೆ ಪುಸ್ತಕ ಸುಳ್ಳಾಗುತ್ತದೆ.

ಕಿವಿ ಹೋದ ದಿನ ಬೆಳಿಗ್ಗೆ ವಾಲ್ಯೂಮಿಗೆ ಹೊಸ ಪಾಟ್, ಎಂದರೆ ಸದ್ದು ಏರಿಸಿ ಇಳಿಸುವ ಶಾಫ್ಟಿನ ಬಿಡಿಭಾಗ, ಹಾಕಿದವನು ನಾನು. ನುಣುಪು ಶಾಫ್ಟಿಗೆ ನಾಬ್ ಯಾವ ಕಡೆಗೆ ಬೇಕಾದರೂ ಕೂರುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಸ್ಕ್ರೂ ಮಾತ್ರ. ಅದಕ್ಕೆ ಮೊದಲು ಶಾಫ್ಟನ್ನು ಎಡಕ್ಕೆ, ನಿಲ್ಲುವ ತನಕ ತಿರುಗಿಸಬೇಕು. ಆಮೇಲೆ ಗೆರೆಯನ್ನು ಸೊನ್ನೆಗೆ ಹಿಡಿದು ಸ್ಕ್ರೂ ಬಿಗಿಯಬೇಕು. ಇದು ಮೊದಲನೇ ಪಾಠ. ನಾನು ಪಾಟನ್ನು ಪರೀಕ್ಷೆ ಮಾಡಲು ಇಕ್ಕಳದಲ್ಲಿ ಹಿಡಿದು ಪೂರ್ತಿ ಬಲಕ್ಕೆ, ಎಂದರೆ ಪೂರ್ತಿ ಸದ್ದಿಗೆ, ತಿರುಗಿಸಿದ್ದೆ. ಹಾಗೇ ಬಿಟ್ಟು ನಾಬ್ ಹಾಕಿ, ಗೆರೆಯನ್ನು ಸೊನ್ನೆಗಿಟ್ಟು ಬಿಗಿದೆ. ಸಿನಿಮಾಕ್ಕೆ ಟಿಕೆಟ್ ತೆಗೆದಿದ್ದೆ, ಮಧ್ಯಾಹ್ನದ ಆಟ.

ಅಣ್ಣ ಬಂದ, ಗೆರೆ ನೋಡಿದ, ಸೊನ್ನೆ. ಸರಿಯಾಗಿಯೇ ನೋಡಿದ್ದ.

ಅವನು ಕೂಗಿದ್ದು ಹೊರಗಿನ ರಸ್ತೆಯವರೆಗೆ ಕೇಳಿಸಿತಂತೆ. ಎಲ್ಲರೂ ಓಡಿಬಂದರು, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೊಠಡಿಯಲ್ಲಿ ನಾನೊಬ್ಬನೇ ಉಳಿದೆ. ಯಂತ್ರ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಶಾಫ್ಟ್ ಮುಟ್ಟಲಿಲ್ಲ. ಸ್ಕ್ರೂ ಸಡಿಲಿಸಿ, ನಾಬನ್ನು ಮಾತ್ರ ಸೊನ್ನೆಯಿಂದ ಹತ್ತಕ್ಕೆ ತಿರುಗಿಸಿ ಮತ್ತೆ ಬಿಗಿದೆ. ಅರ್ಧ ನಿಮಿಷದ ಕೆಲಸ. ಮೇಲಿನವರು ಬಂದು ನೋಡಿ, ಹತ್ತರಲ್ಲೇ ಇದೆಯಲ್ಲಪ್ಪ ಎಂದರು. ಅಣ್ಣ ಎರಡು ದಿನ ಸೊನ್ನೆ ಸೊನ್ನೆ ಎಂದು ವಾದಿಸಿದ. ಮೂರನೇ ದಿನ, "ಇರಬಹುದು, ನಾನೇ ಸರಿಯಾಗಿ ನೋಡಿರಲ್ಲ" ಎಂದ.

ಸಿನಿಮಾಕ್ಕೆ ಹೋಗಲಿಲ್ಲ ಎಂದು ಬರೆಯಲು ಆಸೆ. ಹೋದೆ. ಆಸ್ಪತ್ರೆಗೆ ಹೋಗುವ ಮುಖವಿರಲಿಲ್ಲ, ಮನೆಗೆ ಹೋಗಲು ಧೈರ್ಯವಿರಲಿಲ್ಲ. ಏನು ನೋಡಿದೆನೋ ನೆನಪಿಲ್ಲ.

ಮಾರ್ಚ್ 11, ಮಂಗಳವಾರ

ಟೇಬಲ್ ಫ್ಯಾನ್, ರೆಗ್ಯುಲೇಟರ್ ನಾಬ್ ಒಡೆದದ್ದು. ಶಾಫ್ಟ್ ಆರು ಮಿಲಿಮೀಟರ್, ಅರ್ಧ ಚಪ್ಪಟೆ. ಹಾಕಿಕೊಟ್ಟೆ.

ನಿನ್ನೆಯ ಪುಟ ಹರಿಯೋಣವೆಂದುಕೊಂಡೆ. ಹರಿದರೆ ಹಿಂದಿನ ಪುಟದ ಹೊಲಿಗೆ ಬಿಡುತ್ತದೆ.

ಮಾರ್ಚ್ 14, ಶುಕ್ರವಾರ

ಅಣ್ಣನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ನಾನೂ ಹೆಂಡತಿಯೂ ಆಸ್ಪತ್ರೆಗೆ ಹೋದೆವು. ಅಣ್ಣನ ಮಗಳಿಗೆ ಚಿಕ್ಕಪ್ಪ ಎಂದರೆ ಪ್ರಾಣ. ನಮಗೆ ಮಕ್ಕಳಾಗಲಿಲ್ಲವಲ್ಲ, ಇವಳೇ ನಮ್ಮ ಮಗಳ ಹಾಗೆ ಬೆಳೆದಳು. ನನ್ನನ್ನು ಕಂಡ ಕೂಡಲೇ ಮುಖ ಅರಳಿತು. ನಾನೇ ಮೊದಲು ಕೂಸನ್ನು ಎತ್ತಿಕೊಂಡೆ. ಮುಷ್ಟಿ ಎಷ್ಟು ಗಟ್ಟಿ ಅದರದು.

ಅಣ್ಣ ಕಿಟಕಿಯ ಪಕ್ಕ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಎತ್ಕೋ ಅಪ್ಪ ಎಂದಳು ಮಗಳು. ಬೇಡಮ್ಮ, ನನ್ನ ಕೈ ನಂಬಬೇಡ ಎಂದ. ಅತ್ತಿಗೆ ಮುಖ ಆ ಕಡೆ ತಿರುಗಿಸಿಕೊಂಡು ಫ್ಲಾಸ್ಕಿನ ಮುಚ್ಚಳ ತೆಗೆದರು.

ನಾನು, "ಮೂರು ಸಲ ಎತ್ತಿ ಮೂರು ಸಲ ಇಳಿಸಿಬಿಡು, ಆಗ ನಂಬಿಕೆ ಬರುತ್ತೆ" ಎಂದೆ. ಎಲ್ಲರೂ ನಕ್ಕರು. ನರ್ಸ್ ಕೂಡ. ಅವನೂ ನಕ್ಕ.

ಜೋಕು ಚೆನ್ನಾಗಿಯೇ ಇತ್ತು. ಬಸ್ಸಿನಲ್ಲಿ ಬರುವಾಗ ಹೆಂಡತಿ, ಯಾಕೆ ಹೀಗೆ ಕೂತಿದ್ದೀರಿ ಎಂದಳು. ಹೇಗೆ ಕೂತಿದ್ದೆನೋ.

ಮಾರ್ಚ್ 16, ಭಾನುವಾರ

ವಾಲ್ಯೂಮಿನ ಶಾಫ್ಟನ್ನು ಇವತ್ತು ಭೂತಗನ್ನಡಿಯಲ್ಲಿ ನೋಡಿದೆ. ಸ್ಕ್ರೂ ಬಿಗಿದಾಗ ಹಿತ್ತಾಳೆಯಲ್ಲಿ ಅದರ ತುದಿ ಕಚ್ಚಿ ಒಂದು ಗುಳಿ ಬೀಳುತ್ತದೆ. ಈ ಶಾಫ್ಟಿನಲ್ಲಿ ಎರಡು ಗುಳಿ. ಒಂದರ ಪಕ್ಕ ಒಂದು, ನಡುವೆ ಅಕ್ಕಿಕಾಳಿನಷ್ಟು ಜಾಗ. ಆ ಘಟನೆಯಾದ ಮೇಲೆ ಯಾರೂ ಈ ಯಂತ್ರ ಮುಟ್ಟಲಿಲ್ಲ, ಬೀರುವಿನಲ್ಲಿಟ್ಟರು. ನಾಬ್ ತಾನಾಗಿ ಪುಡಿಯಾಯಿತು. ಗುಳಿ ಹಾಗೇ ಉಳಿದಿದೆ. ಗೊತ್ತಿರುವವನು ನೋಡಿದರೆ ಒಂದೇ ದಿನದಲ್ಲಿ ಎರಡು ಸಲ ಬಿಗಿದ ಕೈಯನ್ನು ಓದಿಬಿಡಬಹುದು. ಅಣ್ಣನಿಗೆ ಗೊತ್ತು. ಅವನು ಯಂತ್ರಗಳ ನಡುವೆ ಹನ್ನೆರಡು ವರ್ಷ ಇದ್ದವನು. ಇನ್ನೂ ಅಷ್ಟು ಹತ್ತಿರದಿಂದ ನೋಡಿಲ್ಲ, ಅಷ್ಟೇ.

ಒಂದು ಯೋಚನೆ ಬಂದಿದೆ. ನುಣುಪು ಶಾಫ್ಟನ್ನು ಒಂದು ಬದಿ ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿದರೆ ಅರ್ಧ ಚಪ್ಪಟೆ ನಾಬ್ ಕೂರುತ್ತದೆ. ಅದು ಜಾರುವುದಿಲ್ಲ, ತಪ್ಪಾಗಿ ಕೂರುವ ಪ್ರಶ್ನೆಯೇ ಇಲ್ಲ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಅವನು ಕೇಳಿದಂಥ ನಾಬ್ ಆಗುವುದಿಲ್ಲ, ನಿಜ. ಆದರೆ ಭದ್ರ. ಮೂರ್ಸಲಪ್ಪನಿಗೆ ಭದ್ರವಾದದ್ದೇ ಅಲ್ಲವೇ ಬೇಕಿರುವುದು.

ಆ ಎರಡು ಗುಳಿ ಇರುವ ಬದಿಯನ್ನೇ ಉಜ್ಜುವುದು ಅನುಕೂಲ.

ಮಾರ್ಚ್ 17, ಸೋಮವಾರ

ಡಬ್ಬಾವನ್ನು ಮೇಜಿಗೆ ಬಿಗಿದು ಕಟ್ಟಿ, ಪಾಟಿನೊಳಗೆ ಪುಡಿ ಬೀಳದಂತೆ ಬಟ್ಟೆ ಸುತ್ತಿ, ಅರ ಹಿಡಿದೆ. ನಾಲ್ಕು ಸಲ ಉಜ್ಜಿದೆ. ಮೊದಲ ಗುಳಿಯ ಅಂಚು ಹೊಳೆಯತೊಡಗಿತು.

ಶಾಫ್ಟಿಗೆ ನಾಬ್ ಹುಡುಕಬೇಕು, ನಾಬಿಗೆ ಶಾಫ್ಟ್ ಬಗ್ಗಿಸಬಾರದು ಎಂದು ಹನ್ನೆರಡು ದಿನದ ಹಿಂದೆ ಈ ಪುಸ್ತಕದಲ್ಲೇ ಬರೆದಿದ್ದೇನೆ. ಎಷ್ಟು ಜಂಬ.

ಅರ ಕೆಳಗಿಟ್ಟೆ. ಹೆಂಡತಿ ಬಂದು, ಆ ಡಬ್ಬಾ ಇನ್ನೂ ಆಗಲಿಲ್ವೇನ್ರಿ, ಎರಡು ವಾರದಿಂದ ಅದರ ಮುಂದೆ ಕೂತಿದ್ದೀರಿ ಎಂದಳು. ನಾಬ್ ಸಿಕ್ಕಿಲ್ಲ ಎಂದೆ. ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಇದು ಚಿಕ್ಕದು. ನಾನು ಕೆಟ್ಟವನಲ್ಲ ಎಂದುಕೊಂಡೇ ಇಷ್ಟು ವರ್ಷ ಬದುಕಿದೆ. ಕೆಟ್ಟವನಾಗಿದ್ದರೆ ಒಂದೇ ಸಲ ಉಜ್ಜಿ ಮುಗಿಸುತ್ತಿದ್ದೆನಲ್ಲ ಎಂದು ಈಗಲೂ ಒಳಗೊಬ್ಬ ವಕೀಲ ಹೇಳುತ್ತಿದ್ದಾನೆ.

ಮಾರ್ಚ್ 19, ಬುಧವಾರ

ನಾಲ್ಕುಕಣ್ಣನ ಅಂಗಡಿಗೆ ಹೋಗಿ ಆ ನಾಬ್ ತಂದೆ. ಸಡಿಲ ಅಂದಿದ್ರಲ್ಲ ಎಂದ. ನನ್ನ ಅಳತೆ ತಪ್ಪಿತ್ತು ಎಂದೆ.

ಅಣ್ಣನಿಗೆ ಫೋನ್ ಮಾಡಿ ಭಾನುವಾರ ಬಾ ಎಂದೆ.

ಮಾರ್ಚ್ 20, ಗುರುವಾರ

ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸಂತೆ. ಭಾನುವಾರ ಅವನಿಗೆ ಏನಾದರೂ ಕೆಲಸ ಬಂದು ಬರದಿದ್ದರೆ ಸಾಕು ಎಂದು ಬೆಳಿಗ್ಗೆಯಿಂದ ಬಯಸುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಮಾರ್ಚ್ 23, ಭಾನುವಾರ

ಬಂದ. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಇದಕ್ಕೆ ಯಾಕೆ ಹೊಸ ಅಂಗಿ ಎಂದು ಕೇಳುವ ಧೈರ್ಯವಾಗಲಿಲ್ಲ.

ಬೆಳಗಿನಿಂದ ಮಾತು ಕೂಡಿಸಿಟ್ಟುಕೊಂಡಿದ್ದೆ, ಒಂದೂ ಬರಲಿಲ್ಲ. ಅದಕ್ಕೆ ಕೈಯಲ್ಲಿ ತೋರಿಸಿದೆ. ಶಾಫ್ಟನ್ನು ಇಕ್ಕಳದಲ್ಲಿ ಹಿಡಿದು ಪೂರ್ತಿ ಬಲಕ್ಕೆ ತಿರುಗಿಸಿದೆ. ನೋಡು, ಈಗ ಪೂರ್ತಿ ಸದ್ದು ಎಂದೆ. ನಾಬ್ ಹಾಕಿ ಮೆಲ್ಲಗೆ ತಿರುಗಿಸುತ್ತ ಸ್ಕ್ರೂವನ್ನು ಒಳಕ್ಕೆ ಬಿಟ್ಟೆ. ಅರ ತಾಗಿದ್ದರೂ ಮೊದಲ ಗುಳಿ ಸ್ಕ್ರೂವನ್ನು ಹಿಡಿಯಿತು. ಬಿಗಿದೆ. ಗೆರೆ ಸೊನ್ನೆಯ ಮೇಲೆ ನಿಂತಿತು.

ಅಣ್ಣ ಬಗ್ಗಿ ನೋಡಿದ. ಆಮೇಲೆ ಕುರ್ಚಿ ಸರಿಸಿ, ಆವತ್ತು ಎಲ್ಲಿ ಕೂತಿದ್ದನೋ ಆ ಬದಿಗೆ ಬಂದು ನೋಡಿದ.

"ಇದೇ ನಾನು ಕಂಡದ್ದು" ಎಂದ.

ಹೂಂ ಎಂದೆ. ಸ್ಕ್ರೂ ಸಡಿಲಿಸಿ ಎರಡನೇ ಗುಳಿಗೆ ತಂದೆ. ಗೆರೆ ಹತ್ತಕ್ಕೆ ಹೋಯಿತು. ಇದು ಎಲ್ಲರೂ ಕಂಡದ್ದು ಎಂದೆ. ಶಾಫ್ಟ್ ಎರಡೂ ಸಲ ಒಂದೇ ಕಡೆ ಇತ್ತು ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವನು ನನ್ನ ಮುಖ ನೋಡಲಿಲ್ಲ, ನಾಬನ್ನೇ ನೋಡುತ್ತಿದ್ದ.

"ಎರಡನೇದು ಯಾವಾಗ ಬಿಗಿದೆ?"

"ನಿನ್ನನ್ನ ಕರ್ಕೊಂಡು ಹೋದ ಮೇಲೆ."

"ನೀನು ಆಸ್ಪತ್ರೆಗೆ ಬರಲಿಲ್ಲ ಅವತ್ತು. ಹೆದರ್ಕೊಂಡಿದಾನೆ ಪಾಪ, ಚಿಕ್ಕವನು, ಅಂತ ನಾನೇ ಎಲ್ಲರಿಗೂ ಹೇಳಿದೆ."

ನಾನು ಕೈ ಮುಗಿದೆ. ಅವನು ಬೇಡ ಎನ್ನುವ ಹಾಗೆ ಕೈ ಆಡಿಸಿದ.

"ಒಂದು ಸಲ ತಪ್ಪಾಗಿ ಕೂರಿಸೋದು ಯಾರ ಕೈಲೂ ಆಗುತ್ತೆ. ನನ್ನ ಕೈಲೂ ಆಗಿದೆ. ಕಿವಿ ಅದರಲ್ಲಿ ಹೋಯ್ತು, ಹೋಗ್ಲಿ. ಎರಡನೇ ಸಲ ಕೂರಿಸಿದೆಯಲ್ಲ, ಅದು ಕೈತಪ್ಪಲ್ಲ. ಅವತ್ತಿಂದ ನನ್ನ ಕಣ್ಣನ್ನ ನಾನು ನಂಬಿಲ್ಲ ಕಣೋ. ನೋಡಿದ್ದನ್ನೇ ನೋಡಿದೆ, ನೋಡಿದ್ದನ್ನೇ ನೋಡಿದೆ. ನೀನು ಅದಕ್ಕೊಂದು ಹೆಸರಿಟ್ಟೆ."

ಎದ್ದು ಹೋದ. ಡಬ್ಬಾ ಇಲ್ಲೇ ಇದೆ. ಗೇಟನ್ನು ಹಾಕಲೇ ಇಲ್ಲ, ಪೂರ್ತಿ ತೆರೆದೇ ಹೋಗಿದ್ದ.

ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಊಟಕ್ಕೆ ಬಡಿಸಿ ತಾನು ಕೂರಲಿಲ್ಲ. ಗೋಡೆಗೆ ಒರಗಿ ನಿಂತು, "ಇಷ್ಟು ವರ್ಷ ನನ್ನ ಬಾಯಲ್ಲೂ ಅವರನ್ನ ಹಾಗೆ ಕರೆಸಿದಿರಲ್ಲ" ಎಂದಳು. ಅಷ್ಟೇ.

ಮಾರ್ಚ್ 24, ಸೋಮವಾರ

ಕೆಲಸ ಮಾಡಲಿಲ್ಲ.

ಮಾರ್ಚ್ 26, ಬುಧವಾರ

ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ ಜನ. ಯಾರಿಗೆ ಹಗುರಾಯಿತೋ ಗೊತ್ತಿಲ್ಲ. ನನ್ನದು ತೆಗೆದು ಅವನ ತಲೆಯ ಮೇಲಿಟ್ಟು ಬಂದೆನೇ ಎಂದು ಬೆಳಗಿನಿಂದ ಅನ್ನಿಸುತ್ತಿದೆ. ಈ ವಯಸ್ಸಿನಲ್ಲಿ ಅವನು ಅದನ್ನು ಏನು ಮಾಡಬೇಕು? ಮೂವತ್ತೈದನೆಯ ವಯಸ್ಸಿನಲ್ಲಿ ಹೇಳಿದ್ದರೆ ಕೋಪ ಮಾಡಿಕೊಂಡು, ಹೊಡೆದು, ಒಂದು ವರ್ಷ ಮಾತು ಬಿಟ್ಟು, ಆಮೇಲೆ ಬೇರೆ ಯಂತ್ರದ ಮುಂದೆ ಕೂರುತ್ತಿದ್ದ. ಎಡಗಿವಿ ಇತ್ತಲ್ಲ. ಒಂದೇ ಕಿವಿಯಲ್ಲಿ ಕೆಲಸ ಮಾಡುವವರಿದ್ದಾರೆ. ಕೆಲಸ ಬಿಡಿಸಿದ್ದು ಕಿವಿಯಲ್ಲ.

ಮಾರ್ಚ್ 29, ಶನಿವಾರ

ಅವನೇ ಫೋನ್ ಮಾಡಿದ. ನಾಳೆ ಡಬ್ಬಾ ತಗೊಂಡು ಮನೆಗೆ ಬಾ ಎಂದ. ಧ್ವನಿಯಲ್ಲಿ ಏನಿತ್ತು ಎಂದು ಗುರುತಿಸಲಾಗಲಿಲ್ಲ. ನಾನೊಬ್ಬನೇ ಬರಲೇ ಎಂದು ಕೇಳಿದೆ. ಇಬ್ಬರೂ ಬನ್ನಿ ಎಂದ.

ಮಾರ್ಚ್ 30, ಭಾನುವಾರ

ಹೋಗುವಾಗ ಡಬ್ಬಾವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ನಾಬನ್ನು ಈ ಸಲ ಸರಿಯಾಗಿ ಕೂರಿಸಿದ್ದೆ. ಶಾಫ್ಟ್ ಎಡಕ್ಕೆ ನಿಲ್ಲುವ ತನಕ, ಗೆರೆ ಸೊನ್ನೆಗೆ.

ಮುಂದಿನ ಕೋಣೆಯಲ್ಲಿ ಎಲ್ಲರೂ ಇದ್ದರು. ಮಗಳು ಮಂಚದ ಮೇಲೆ, ಪಕ್ಕದಲ್ಲಿ ಕೂಸು. ಅತ್ತಿಗೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಬನ್ನಿ ಬನ್ನಿ ಎಂದು ಎಂದಿನಂತೆ ಕರೆದರು, ಅವರಿಗೆ ಏನೂ ಗೊತ್ತಿಲ್ಲವೆಂದು ಆಗಲೇ ತಿಳಿಯಿತು. ನಮ್ಮ ಚಿಕ್ಕಪ್ಪ ಬಂದ್ರು ನೋಡು ಪುಟ್ಟೀ ಎಂದು ಮಗಳು ಕೂಸಿನ ಕೈ ಆಡಿಸಿದಳು. ಅಣ್ಣ ಡಬ್ಬಾ ತೆಗೆದುಕೊಂಡು ಮೇಜಿನ ಮೇಲಿಟ್ಟ.

"ನನಗೆ ಹೇಳಿದ್ದನ್ನ ಇವರಿಗೆ ಹೇಳು. ಮೊದಲಿಂದ ಹೇಳು. ನನ್ನ ಎಡಗಡೆ ಕೂತ್ಕೊಂಡು ಹೇಳು, ಏನಾದ್ರೂ ಬಿಟ್ರೆ ನನಗೆ ಗೊತ್ತಾಗ್ಬೇಕು."

ಹೇಳಿದೆ. ಹೊಸ ಪಾಟ್, ಇಕ್ಕಳ, ಗೆರೆ, ಆ ಅರ್ಧ ನಿಮಿಷ, ಎಲ್ಲ. ಸಿನಿಮಾವನ್ನೂ ಬಿಡಲಿಲ್ಲ. ಅದು ಅಣ್ಣನಿಗೂ ಗೊತ್ತಿರಲಿಲ್ಲ, ಒಮ್ಮೆ ತಲೆ ಎತ್ತಿ ನೋಡಿದ. ಹೇಳಿ ಮುಗಿಸಿದೆ. ಅತ್ತಿಗೆ ಒಂದೇ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಸಾಕು ಎನ್ನುವ ಹಾಗಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಅಣ್ಣನನ್ನು ಕೇಳಿದರು.

"ಅದಕ್ಕೇನಾ ನಮ್ಮ ಮಗಳು ಕೂಸಾಗಿದ್ದಾಗ ನೀವು ಎತ್ಕೊಳ್ದೆ ಇದ್ದದ್ದು?"

ಅಣ್ಣ ತಲೆ ಆಡಿಸಿದ. "ಬೀಳಿಸಿಬಿಡ್ತೀನಿ ಅಂತ. ಹಿಡ್ಕೊಂಡಿದೀನಿ ಅಂದ್ಕೊಂಡಿರ್ತೀನಿ, ಹಿಡ್ಕೊಂಡೇ ಇರಲ್ಲ ಅಂತ."

"ಹೆಣ್ಣು ಹುಟ್ಟಿತು ಅಂತ ನಿಮಗೆ ಬೇಜಾರು ಅಂತ ತಿಳ್ಕೊಂಡೆ ನಾನು" ಎಂದರು ಅತ್ತಿಗೆ. "ಇವಳು ಕೇಳಿದಾಗ ಇವಳಿಗೂ ಅದನ್ನೇ ಹೇಳಿ ಬೆಳೆಸಿದೆ."

ನನಗೆ ಇದು ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಕಿವಿ ಗೊತ್ತಿತ್ತು, ಕೆಲಸ ಗೊತ್ತಿತ್ತು, ಬೀಗ ಎಳೆಯುವುದು ಗೊತ್ತಿತ್ತು. ಅಷ್ಟಕ್ಕೇ ಅಳುತ್ತಿದ್ದೆ.

ಮಗಳು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ ಹೇಳಿದಳು.

"ಅಪ್ಪನಿಗಿಂತ ಚಿಕ್ಕಪ್ಪನೇ ನನಗೆ ಹೆಚ್ಚು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಿ. ಅಪ್ಪನ ಎದುರಿಗೇ ಹೇಳಿದೀನಿ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಹಾಗೆ ಹೇಳಿದಾಗಲೆಲ್ಲ ನಾನು ಅಲ್ಲಿದ್ದೆ. ಉಬ್ಬಿಹೋಗಿದ್ದೆ.

ಕೂಸು ಎದ್ದು ಅಳತೊಡಗಿತು. ಮಗಳು ಅದನ್ನು ಎತ್ತಿ ಸಮಾಧಾನ ಮಾಡುತ್ತಿದ್ದಾಗ ಅಣ್ಣ ಕುರ್ಚಿಯಿಂದ ಎದ್ದ. ಕೊಡಮ್ಮ ಇಲ್ಲಿ ಎಂದು ಎರಡೂ ಕೈ ಮುಂದೆ ಚಾಚಿದ. ಕೈಗಳನ್ನು ತೀರಾ ದೂರ ದೂರ ಹಿಡಿದಿದ್ದ, ದೊಡ್ಡ ಪೆಟ್ಟಿಗೆ ಇಳಿಸಿಕೊಳ್ಳುವವರು ಹಿಡಿಯುವ ಹಾಗೆ. ಅರವತ್ತಾರು ವರ್ಷದ ಮನುಷ್ಯನಿಗೆ ಕೂಸನ್ನು ಎತ್ತಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಅತ್ತಿಗೆ ಬಟ್ಟೆ ಬಿಟ್ಟು ಎದ್ದು ಬಂದು, ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಬೆನ್ನಿನ ಕೆಳಗೆ ಕೊಡಬೇಕು ಎಂದು ಅವನ ಕೈ ಹಿಡಿದು ತೋರಿಸಿಕೊಟ್ಟರು.

ನನಗೆ ಗೊತ್ತಿತ್ತು. ಅವನ ಮಗಳನ್ನು ಎತ್ತಿಯೇ ಕಲಿತದ್ದು.